ಆಚೆ ದಂಡೆಯ ಗೂಟ

ಗಿರಿಯಪ್ಪ ತೆಪ್ಪದ ಹಗ್ಗ ಹಿಡಿದು ಆಚೆ ದಂಡೆಗೆ ಜಿಗಿದವನು, ಕಟ್ಟಲು ಬಗ್ಗಿ ನೋಡಿದರೆ ಗೂಟವೇ ಇಲ್ಲ. ಗೂಟವಿದ್ದ ಜಾಗದಲ್ಲಿ ಮೊಳದಾಳದ ಹಸಿ ಕುಣಿ. ದಿನಾ ಬೆಳಿಗ್ಗೆ ಕೂಲಿ ಹೆಂಗಸರನ್ನು ಕರೆತರುವ ಮೊದಲು ಒಮ್ಮೆ ಖಾಲಿ ತೆಪ್ಪದಲ್ಲಿ ಬಂದು, ಇಳಿಯುವ ಜಾಗದ ಕೆಸರಿಗೆ ಜೋಳದ ದಂಟು ಹಾಸಿ ಹೋಗುವುದು ಅವನ ರೂಢಿ. ನಿನ್ನೆ ಹಾಸಿದ ದಂಟೂ ಇರಲಿಲ್ಲ. ಯಾರೋ ಅದನ್ನು ಬಳಿದು ಬದಿಗೆ ಎಸೆದಿದ್ದರು.

“ಏನ ಹುಡುಕಾಕತ್ತಿ ಗಿರ್ಯಾ?”

ಮೇಲೆ ಬದುವಿನ ಮೇಲೆ ರುದ್ರಮುನಿ ನಿಂತಿದ್ದ. ಕಿವಿ ಮುಚ್ಚುವ ಹಾಗೆ ಮಫ್ಲರ್ ಸುತ್ತಿಕೊಂಡು, ಎರಡೂ ಕೈ ಶಾಲಿನೊಳಗೆ ಸೇರಿಸಿಕೊಂಡಿದ್ದ. ಈ ದಂಡೆಗೆ ತಾಗಿದ ಆರೆಕರೆ ಮೆಣಸಿನಕಾಯಿ ಹೊಲ ಅವನದು. ಬ್ಯಾಡಗಿಯಲ್ಲಿ ದಲಾಲಿ ಅಂಗಡಿ ಬೇರೆ. ಇಷ್ಟು ಹೊತ್ತಿಗೇ ಅವನು ಹೊಳೆಯ ಹತ್ತಿರ ಬಂದದ್ದನ್ನು ಗಿರಿಯಪ್ಪ ಎಂದೂ ಕಂಡಿರಲಿಲ್ಲ.

“ಗೂಟ ರೀ ಸಾವ್ಕಾರ್ರ. ನಿನ್ನೆ ಸಂಜಿಮಟ ಇಲ್ಲೇ ಇತ್ತು.”

“ನಾನ ಕೀಳಸೇನಿ. ನನ್ನ ದಂಡಿ, ನನ್ನ ಮಣ್ಣು. ನಿನ್ನ ಕೇಳಬೇಕಿತ್ತೇನು?”

“ನಮ್ಮಪ್ಪನ ಕಾಲದಿಂದ ಇಲ್ಲೇ ತೆಪ್ಪದ ಕಡವು ಐತ್ರಿ.”

“ಹೊಲದ ಉತಾರದಾಗ ನಿಮ್ಮಪ್ಪನ ಹೆಸರೈತೇನು? ಇದ್ರ ತಗೊಂಡ ಬಾ. ನಾನ ಕೈಯಾರೆ ಗೂಟ ಬಡಿತೇನಿ.”

ಗಿರಿಯಪ್ಪ ಹಲ್ಲು ಕಿರಿದ. ಉಳ್ಳವರು ಅವಮಾನ ಮಾಡಿದಾಗ ಅದನ್ನು ಚೇಷ್ಟೆ ಎಂದುಕೊಂಡು ನಗುವುದು ಅವನಿಗೆ ಮೈಗೆ ಹತ್ತಿದ ಚಾಳಿ. ರುದ್ರಮುನಿ ನಗಲಿಲ್ಲ.

ವರದಾ ಹೊಳೆ ಮಳೆಗಾಲದಲ್ಲಿ ಯಾರ ಮಾತನ್ನೂ ಕೇಳುವುದಿಲ್ಲ, ಬೇಸಿಗೆಯಲ್ಲಿ ಮಕ್ಕಳೂ ನಡೆದು ದಾಟುತ್ತಾರೆ. ದೀಪಾವಳಿ ಕಳೆದ ಮೇಲೆ ಕೆಳಗಿನ ಬಾಂದಾರಕ್ಕೆ ಹಲಗೆ ಹಾಕಿ ನೀರು ನಿಲ್ಲಿಸಿದರೆ, ಶಿವರಾತ್ರಿಯವರೆಗೆ ಹೊಳೆ ತುಂಬಿ ನಿಂತಿರುತ್ತದೆ. ಗಿರಿಯಪ್ಪನ ತೆಪ್ಪಕ್ಕೆ ಕೆಲಸವಿರುವುದು ಆ ಚಳಿಗಾಲದಲ್ಲಿ ಮಾತ್ರ. ಆಚೆ ದಂಡೆಯ ಉದ್ದಕ್ಕೂ ಜಾಲಿ ಕಂಟಿ, ಇಲ್ಲವೇ ಆಳೆತ್ತರದ ಎರೆಮಣ್ಣಿನ ಗೋಡೆ. ಇಳಿಜಾರಾಗಿ ಕಾಲಿಡುವಂತಿದ್ದದ್ದು ರುದ್ರಮುನಿಯ ಹೊಲದ ಈ ತುದಿ ಒಂದೇ. ಇದು ತಪ್ಪಿದರೆ ಸೇತುವೆಯ ಮೇಲೆ ಸುತ್ತು ಹಾಕಿ ಬರಬೇಕು. ಹಾಗೆ ಬರುವವರಿಗೆ ಅಂಬಿಗನ ಹಂಗೇನು?

“ಮೆಣಸಿನಕಾಯಿ ಎಲ್ಲಾರದೂ ಒಮ್ಮೆಲೆ ಹಣ್ಣಾಗೇತಿ. ಬಿಡಸಾಕ ಮಂದಿ ಸಿಗವಲ್ರು,” ಎಂದ ರುದ್ರಮುನಿ. “ನೀ ದಾಟಸೂ ಹೆಂಗಸ್ರು ಮೊದಲ ನನ್ನ ಹೊಲಾ ಮುಗಸಬೇಕು. ನನ್ನ ದಂಡಿಗೆ ಇಳದವ್ರು ನನ್ನ ಹೊಲಕ್ಕ. ಆಮ್ಯಾಲ ಎಲ್ಲಿ ಬೇಕಾದಲ್ಲಿ ಹೋಗ್ಲಿ. ಒಪ್ಪಿದ್ರ ನಿನ್ನ ಗೂಟ ಮೋಟರ ಶೆಡ್ಡಿನಾಗ ಐತಿ, ತಗೊಂಡು ಬಡಕೋ. ಇಲ್ಲಂದ್ರ ಮಧ್ಯಾಹ್ನ ಇಲ್ಲಿಗೆ ಝಟಕಾ ತಂತಿ ಎಳಸ್ತೇನಿ.”

ಹೊಲದ ಬದುವಿನಗುಂಟ, ಸೇತುವೆಯ ಕಾಲುದಾರಿಗೂ ಅಡ್ಡವಾಗಿ, ಹಂದಿಗಳಿಗೆಂದು ಎಳೆದ ಕರೆಂಟಿನ ತಂತಿ ಆಗಲೇ ಇತ್ತು. ಅದನ್ನು ನಾಲ್ಕು ಮಾರು ಮುಂದಕ್ಕೆ ತಂದರೆ ಕಡವಿನ ಕಥೆ ಮುಗಿಯಿತು.

“ಅವ್ರು ಇವತ್ತ ಮುದುಕವ್ವನ ಹೊಲಕ್ಕ ಮಾತ ಕೊಟ್ಟಾರ್ರಿ.”

“ಯಾರ ಕೊಟ್ಟಾರ?”

“ನಮ್ಮ ಮನ್ಯಾಕಿ.”

“ಹಂಗಾರ ಸುಲಭ ಆತಲ್ಲ. ಮನ್ಯಾಕಿ ನಿನ್ನ ಮಾತು ಕೇಳೂದಿಲ್ಲೇನು?”

“ಕೇಳ್ತಾಳ್ರಿ. ಯಾಕ ಕೇಳೂದಿಲ್ಲ?” ಎಂದುಬಿಟ್ಟ ಗಿರಿಯಪ್ಪ. ಹಾಗೆ ಅನ್ನದೆ ಇನ್ನೇನು ಅನ್ನುತ್ತಾನೆ? ಗಂಡಸು ಗಂಡಸನ್ನು ಕೇಳಿದ ಪ್ರಶ್ನೆ ಅದು. ಶೆಡ್ಡಿನಿಂದ ಗೂಟ ತಂದು, ಹಳೆಯ ಕುಣಿಯಲ್ಲೇ ಇಟ್ಟು, ಕಲ್ಲಿನಿಂದ ಬಡಿದ. ರುದ್ರಮುನಿ ಅದು ಗಟ್ಟಿಯಾಗಿ ಕೂಡುವವರೆಗೂ ನಿಂತು ನೋಡಿದ.

ಮಾತು ಕೊಟ್ಟಿದ್ದು ಬರೀ ಬಾಯಿಮಾತಾಗಿರಲಿಲ್ಲ. ಬಿಡಿಸುವ ಹೆಂಗಸರ ಗುಂಪಿಗೆ ಗಿರಿಯಪ್ಪನ ಹೆಂಡತಿ ಬೀರವ್ವ ಮುಂದಾಳು. ಯಾರಾದರೂ ಹೊಲಕ್ಕೆ ಕರೆಯಬೇಕಾದರೆ ಅವಳ ಕೈಗೆ ಎಲೆ ಅಡಿಕೆ ಕೊಡುತ್ತಾರೆ. ಅದನ್ನು ಅವಳು ಬಾಯಿಗೆ ಹಾಕಿಕೊಂಡರೆ ಮುಗಿಯಿತು, ಆ ಹೊಲ ಆಗುವವರೆಗೆ ಇನ್ನೊಬ್ಬರು ಎಷ್ಟು ಕೂಲಿ ಹೆಚ್ಚು ಕೊಡುತ್ತೇನೆಂದರೂ ಗುಂಪು ಕದಲುವುದಿಲ್ಲ. ಮುದುಕವ್ವನದು ರುದ್ರಮುನಿಯ ಹೊಲದ ಆಚೆಗಿನ ಎರಡೆಕರೆ. ಹೆಸರು ಮುದುಕವ್ವನಾದರೂ ಅವಳಿಗೆ ನಲವತ್ತೂ ಆಗಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ದುಡಿದು ಬೆಳೆದ ಮೊದಲ ಫಸಲು ಅದು. ಮೂಡಣದಲ್ಲಿ ಮೋಡ ಕಟ್ಟುತ್ತಿದ್ದದ್ದನ್ನು ನೋಡಿ ಹೆದರಿ, ನಿನ್ನೆ ಸಂಜೆ ತಾನೇ ತೆಪ್ಪ ಹತ್ತಿ ಬಂದು ಬೀರವ್ವನ ಕೈಗೆ ಎಲೆ ಅಡಿಕೆ ಇಟ್ಟಿದ್ದಳು. ದಾಟಿಸಿದವನು ಗಿರಿಯಪ್ಪನೇ.

ಈಚೆ ದಂಡೆಯಲ್ಲಿ ಹತ್ತು ಮಂದಿ ಹೆಂಗಸರು ಬುತ್ತಿ ಗಂಟು ಹಿಡಿದು ಕಾಯುತ್ತಿದ್ದರು. ಗಿರಿಯಪ್ಪ ಅಲ್ಲಿಯೇ ಹೇಳಬಹುದಿತ್ತು. ಹೇಳಬೇಕೆಂದೇ ಬಂದಿದ್ದ. ಬೀರವ್ವನ ಮುಖ ನೋಡಿದ ಮೇಲೆ ಹಗ್ಗ ಸುತ್ತುವುದರಲ್ಲಿ, ತೆಪ್ಪದೊಳಗಿನ ನೀರು ಮೊಗೆದು ಚೆಲ್ಲುವುದರಲ್ಲಿ ಕೈ ತೊಡಗಿಸಿದ.

“ಲಗೂ ಮಾಡೋ ಗಿರಿಯಣ್ಣ, ಮುದುಕವ್ವ ದಾರಿ ನೋಡಾಕತ್ತಿರಬೇಕು,” ಎಂದಳು ರಹಿಮತಬಿ.

ಎಲ್ಲರೂ ಕುಳಿತರು. ತೆಪ್ಪದಲ್ಲಿ ಕುಳಿತ ಮೇಲೆ ಯಾರೂ ಏಳುವ ಹಾಗಿಲ್ಲ, ಗಲಾಟೆ ಮಾಡುವ ಹಾಗಿಲ್ಲ. ಅದು ಗಿರಿಯಪ್ಪನ ಅಪ್ಪ ಹಾಕಿದ ಕಟ್ಟಳೆ. ದುಂಡನೆಯ ತೆಪ್ಪದಲ್ಲಿ ಒಬ್ಬರು ಸಿಟ್ಟಿನಿಂದ ಮೈ ಹೊರಳಿಸಿದರೂ ಎಲ್ಲರೂ ನೀರುಪಾಲು. ಹಾಗಾಗಿ ಕೋರ್ಟಿನಲ್ಲಿ ಕಾದಾಡುವ ದಾಯಾದಿಗಳು ಕೂಡ ಇಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಸುಮ್ಮನೆ ಕುಳಿತು ದಾಟಿದ್ದರು. ನೀರಿನ ಮೇಲೆ ಮಾತು ಅಂಬಿಗನದು.

ನಡುಹೊಳೆಗೆ ಬಂದಾಗ ಗಿರಿಯಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸದೆ, ಯಾರ ಮುಖವನ್ನೂ ನೋಡದೆ ಹೇಳಿದ.

“ಇವತ್ತ ನೀವು ಸಾವ್ಕಾರ್ರ ಹೊಲಕ್ಕ ಹೋಗ್ಬೇಕು. ಅವ್ರದು ಮುಗಿಯೂತನಕ ಬ್ಯಾರೆ ಕಡಿ ಹೋಗಾಕ ಬಿಡೂದಿಲ್ಲಂತ. ನಾ ಒಪ್ಪಿ ಬಂದೇನಿ.”

ಹೊಸದಾಗಿ ಮದುವೆಯಾಗಿ ಬಂದಿದ್ದ ಮಹೇಶ್ವರಿ ಬಾಯಿ ತೆರೆದಳು. ರಹಿಮತಬಿ ಅವಳ ತೊಡೆ ಒತ್ತಿದಳು. ಎಲ್ಲರ ಕಣ್ಣು ಬೀರವ್ವನ ಕಡೆ ಹೊರಳಿದವು. ಅವಳು ಗಂಡನಿಗೆ ಎದುರಾಗಿಯೇ ಕುಳಿತಿದ್ದಳು. ತುಟಿ ಬಿಗಿದುಕೊಂಡು, ಬುತ್ತಿಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಅವನನ್ನೇ ನೋಡಿದಳು. ಗಿರಿಯಪ್ಪನ ಎದೆ ಹಗುರಾಯಿತು. ಎಷ್ಟು ಸಲೀಸಾಗಿ ಮುಗಿಯಿತಲ್ಲ ಎಂದುಕೊಂಡ ಆ ಮೂರ್ಖ.

ತೆಪ್ಪ ದಂಡೆಗೆ ತಾಗಿತು. “ಬರ್ರಿ ಬರ್ರಿ, ಲಗೂ ಬರ್ರಿ, ಚಾ ಮಾಡಸೇನಿ,” ಎಂದು ರುದ್ರಮುನಿ ಬದುವಿನ ಮೇಲಿಂದ ಕೂಗಿದ. ಹೆಂಗಸರು ಇಳಿದು ಕೆಸರಿನಲ್ಲಿಯೇ ನಿಂತರು. ಬೀರವ್ವ ಇಳಿದು ತಿರುಗಿದಳು.

“ತಿರುಗಿ ದಾಟಸ್ರಿ ನಮ್ಮನ್ನ.”

“ಹುಚ್ಚಿಗಿಚ್ಚಿ ಹಿಡದೈತೇನು? ಎಲ್ಲಾರದೂ ಒಂದಿನದ ಕೂಲಿ ಹೊಕ್ಕೇತಿ.”

“ಹೋಗ್ಲಿ. ದಾಟಸ್ರಿ.”

“ನಾಕ ದಿನ ತಡೀ ಅಂತ ಮುದುಕವ್ವಗ ನಾ ಹೇಳ್ತೇನಿ.”

“ನೀವೇನ ಹೇಳ್ತೀರಿ? ಎಲಿ ಅಡಿಕಿ ತಿಂದಾಕಿ ನಾನು. ಸುತ್ತ ಹಾಕಿ ಸೇತುವಿ ಮ್ಯಾಲ ಆಕಿ ಹೊಲಕ್ಕ ಹೊಕ್ಕೇವಿ. ದಾಟಸ್ರಿ.” ಅವಳ ದನಿ ಏರಿರಲಿಲ್ಲ. ಏರಿದ್ದರೆ ಅವನಿಗೂ ಕೂಗಾಡಲು ಒಂದು ನೆವ ಸಿಗುತ್ತಿತ್ತು.

“ಏನಂತಾಳೋ ಗಿರ್ಯಾ ನಿನ್ನ ಹೇಣ್ತಿ?” ರುದ್ರಮುನಿಯ ನಗು ಮೇಲಿನಿಂದ ಇಳಿದು ಬಂತು.

ಗಿರಿಯಪ್ಪನ ಕಿವಿ ಕಾದವು. ಗೂಟಕ್ಕೆ ಸುತ್ತಿದ್ದ ಹಗ್ಗ ಬಿಚ್ಚಿದ. ಹೆಂಗಸರು ಹತ್ತಲು ಸೀರೆ ಎತ್ತಿ ಹಿಡಿದರು. ಅವನು ಒಬ್ಬನೇ ಹಾರಿ ಕುಳಿತು, ಹುಟ್ಟಿನಿಂದ ದಂಡೆಯನ್ನು ಒತ್ತಿ ತೆಪ್ಪವನ್ನು ನೀರಿಗೆ ನೂಕಿದ.

“ಸಂಜಿಕ್ಕ ಬರ್ತೇನಿ,” ಎಂದ.

ಹಿಂದೆ ಮಹೇಶ್ವರಿ “ಅಯ್ಯ, ಬಿಟ್ಟ ಹೋದ್ನಲ್ಲ ಯಕ್ಕಾ!” ಎಂದದ್ದು ಕೇಳಿಸಿತು. ನಡುಹೊಳೆಯಲ್ಲಿ ತೆಪ್ಪ ತಾನಾಗಿ ಒಂದು ಸುತ್ತು ತಿರುಗಿದಾಗ ಆಚೆ ದಂಡೆ ಕಣ್ಣಿಗೆ ಬಿತ್ತು. ಹೆಂಗಸರು ಸಾಲಾಗಿ ಬದು ಹತ್ತುತ್ತಿದ್ದರು. ತಂತಿಯ ಆಚೆ, ತನ್ನ ಹೊಲದ ಕಣದ ಮೇಲೆ ನಿಂತ ಮುದುಕವ್ವ, ಅವರು ತನ್ನ ಕಡೆಗೇ ಬರುತ್ತಿದ್ದಾರೆಂದು ತಿಳಿದು ಕೈ ಬೀಸುತ್ತಿದ್ದಳು.

ಆ ರಾತ್ರಿಯೇ ಮಳೆ ಸುರಿಯಿತು. ಅಕಾಲದ ಮಳೆ, ಬೆಳಗಿನವರೆಗೂ ಬಿಡಲಿಲ್ಲ. ರುದ್ರಮುನಿಯ ಬಿಡಿಸಿದ ಕಾಯಿ ತಾಡಪತ್ರಿಯ ಕೆಳಗೆ ಬೆಚ್ಚಗಿತ್ತು. ಮುದುಕವ್ವನ ಕಾಯಿ ಗಿಡದ ಮೇಲೆಯೇ ನೆನೆಯಿತು. ಹಣ್ಣಾದ ಕಾಯಿಗೆ ಹೀಗೆ ಮಳೆ ಹಿಡಿದರೆ ಅದರ ಕೆಂಪೆಲ್ಲ ಬಿಳಿಚಿಕೊಳ್ಳುತ್ತದೆ, ಬ್ಯಾಡಗಿ ಪೇಟೆಯಲ್ಲಿ ಅದನ್ನು ಕೈಯಲ್ಲಿ ಮುಟ್ಟಿಯೂ ನೋಡುವುದಿಲ್ಲ. ಒಂದು ದಿನದಲ್ಲಿ ಹತ್ತು ಹೆಂಗಸರು ಅವಳ ಎರಡೆಕರೆ ಮುಗಿಸುತ್ತಿರಲಿಲ್ಲ ನಿಜ. ಅರ್ಧವಾದರೂ ಉಳಿಯುತ್ತಿತ್ತು.

“ಮಳಿ ನಾ ತರಿಸಿದ್ನೇನು?” ಎಂದ ಗಿರಿಯಪ್ಪ. ಯಾರೂ ಕೇಳಿರಲಿಲ್ಲ. ಒಲೆಯ ಮುಂದೆ ಬೀರವ್ವ ರೊಟ್ಟಿ ಬಡಿಯುತ್ತಿದ್ದಳು.

“ಮಳಿ ನೀವು ತರಿಸಲಿಲ್ಲ,” ಎಂದಳು. “ನಾ ದಾಟಸ್ರಿ ಅಂದೆ. ಹತ್ತ ಮಂದಿ ಹೆಣ್ಮಕ್ಕಳನ್ನ ಕೊಟಗ್ಯಾಗಿನ ದನದಂಗ ಅಲ್ಲಿ ಬಿಟ್ಟ ಬಂದ್ರಿ. ನೀವು ಅಂಬಿಗ್ರೇನ್ರಿ?”

ಗಿರಿಯಪ್ಪ ರೊಟ್ಟಿ ಮುರಿದ. ಅವಳು ಮತ್ತೊಂದು ರೊಟ್ಟಿ ಅವನ ತಟ್ಟೆಗೆ ಹಾಕಿದಳು, ಪಲ್ಯ ಬಡಿಸಿದಳು. ಆಮೇಲೂ ಹೊತ್ತು ಹೊತ್ತಿಗೆ ಎಲ್ಲ ಬಡಿಸಿದಳು. ಹಾಗಾಗಿ ಅವನು ಸಿಟ್ಟು ನಾಲ್ಕು ದಿನದ್ದು, ಇಳಿಯುತ್ತದೆ ಎಂದುಕೊಂಡ.

ನೆಲ ಆರಿದ ಮರುದಿನ ನಸುಕಿನಲ್ಲಿ ಊರ ಬಾಗಿಲಿಗೆ ಒಂದು ಟಂಟಂ ಆಟೋ ಬಂದು ನಿಂತಿತು. ಗುಂಪಿನವರೆಲ್ಲ ಅದರಲ್ಲಿ ತುರುಕಿಕೊಂಡು ಸೇತುವೆಯ ಮೇಲೆ ಸುತ್ತು ಹಾಕಿ, ಆಚೆಗಿನ ರಸ್ತೆಯಿಂದ ಮುದುಕವ್ವನ ಹೊಲಕ್ಕೆ ಇಳಿದರು. ಕೂಲಿಯಲ್ಲಿ ಬಾಡಿಗೆಗೆ ಹೋಗುವುದು ಹೋಯಿತು. ಬಿಳಿಗಾಯಿ ಬಿಡಿಸಲು ಯಾರಿಗೂ ಮನಸ್ಸು ಬರುವುದಿಲ್ಲ, ಆದರೂ ಅವರು ಹೋದರು. ಮುದುಕವ್ವನದು ಮುಗಿದ ಮೇಲೆ ಆ ಕಡೆಯ ಉಳಿದ ಹೊಲಗಳಿಗೂ ಟಂಟಮ್ಮಿನಲ್ಲಿಯೇ ಹೋದರು.

ಗಿರಿಯಪ್ಪ ದಿನವೂ ತೆಪ್ಪ ನೀರಿಗಿಳಿಸಿ ಕಾದ. ಬುತ್ತಿ ಗಂಟು ಹಿಡಿದವರು ಯಾರೂ ಹೊಳೆಯ ದಾರಿ ಹಿಡಿಯಲಿಲ್ಲ. ಕೊನೆಗೆ ಒಬ್ಬನೇ ಆಚೆ ಹೋಗಿ ರುದ್ರಮುನಿಯನ್ನು ಕಂಡ. ಹೊಲದ ತುಂಬ ಗುತ್ತಲದ ಕಡೆಯ ಹೆಂಗಸರು ಕಾಯಿ ಬಿಡಿಸುತ್ತಿದ್ದರು. ಅವರನ್ನು ತಂದ ಟ್ರ್ಯಾಕ್ಟರ್ ಬದುವಿನ ಹತ್ತಿರ ನಿಂತಿತ್ತು.

“ನಮ್ಮವ್ರು ಬರವಲ್ರು ರೀ ಸಾವ್ಕಾರ್ರ. ನೀವರ ಒಂದ ಮಾತ ಹೇಳಿ ಕಳಸಿದ್ರ...”

“ಯಾಕ ಹೇಳ್ಲಿ? ನನ್ನ ಕೆಲಸ ನಡದೈತಿ.” ರುದ್ರಮುನಿ ಮೊಬೈಲಿನಿಂದ ಕಣ್ಣೆತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಇವನಿನ್ನೂ ನಿಂತೇ ಇದ್ದಾನೆಂದು ಕಂಡು ಹೇಳಿದ: “ಗೂಟ ಇರ್ಲಿ ಬಿಡು. ನಾ ಏನೂ ಅನ್ನೂದಿಲ್ಲ.”

ಅಷ್ಟು ಉದಾರತೆಯನ್ನು ಹೊತ್ತುಕೊಂಡು ಗಿರಿಯಪ್ಪ ಹಿಂದಿರುಗಿದ.

ಸಂಕ್ರಾಂತಿ ಕಳೆಯಿತು. ರುದ್ರಮುನಿಯ ಹೊಲದಲ್ಲಿ ಕಾಯಿ ಮುಗಿದು ಟ್ರ್ಯಾಕ್ಟರ್ ಬರುವುದೂ ನಿಂತಿತು, ಬದುವಿನ ತಂತಿಯನ್ನೂ ಬಿಚ್ಚಿದರು. ಒಂದು ಸಂಜೆ ಗಿರಿಯಪ್ಪ ಈಚೆ ದಂಡೆಯಲ್ಲಿ ಬೀಡಿ ಸೇದುತ್ತ ಕುಳಿತಿದ್ದಾಗ ಟಂಟಂ ಊರಿಗೆ ಬಂದ ಸದ್ದು ಕೇಳಿತು. ರಹಿಮತಬಿ ಹಾದುಹೋಗುತ್ತ, ಅವನಿಗೆ ಹೇಳಿದಳೋ ಗಾಳಿಗೆ ಹೇಳಿದಳೋ ಎಂಬಂತೆ, “ಬೀರವ್ವ ಬಂದಿಲ್ಲ. ಮುದುಕವ್ವನ ಕಣದಾಗ ಕಾಯಿ ಆರಿಸಿ ಕೊಟ್ಟು ಬರ್ತೇನಿ ಅಂದ್ಲು,” ಎಂದಳು.

ಹೊತ್ತು ಮುಳುಗುವ ಮುಂಚೆ ಆಚೆ ಬದುವಿನ ಮೇಲೆ ಅವಳು ಕಾಣಿಸಿಕೊಂಡಳು. ಹಸಿರು ಸೀರೆ, ತಲೆಯ ಮೇಲೆ ಖಾಲಿ ಬುಟ್ಟಿ. ಇಳಿಜಾರಿನಲ್ಲಿ ಇಳಿದು ಕಡವಿಗೇ ಬರುತ್ತಿದ್ದಳು. ಗಿರಿಯಪ್ಪ ಬೀಡಿ ಎಸೆದು ತೆಪ್ಪಕ್ಕೆ ಹಾರಿದ. ಅವಳು ಕರೆದಿರಲಿಲ್ಲ, ಆದರೂ “ಬಂದೆ, ಬಂದೆ ತಡೀ!” ಎಂದು ಕೂಗಿದ. ಅಷ್ಟು ಜೋರಾಗಿ ಅವನು ಹುಟ್ಟು ಹಾಕಿ ವರ್ಷಗಳಾಗಿದ್ದವು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ. ತಪ್ಪಾಯಿತು ಎನ್ನುವುದು ಅದರಲ್ಲಿ ಎಲ್ಲೋ ನಡುವೆ ಬರುವ ಹಾಗಿತ್ತು.

ದಂಡೆ ಹತ್ತು ಮಾರು ಇದ್ದಾಗ ಬೀರವ್ವ ನೀರಿನ ಅಂಚಿಗೆ ಬಂದಳು, ಕೈಕಾಲು ತೊಳೆದಳು, ಎರಡು ಬೊಗಸೆ ನೀರು ಕುಡಿದಳು. ಬುಟ್ಟಿ ಎತ್ತಿಕೊಂಡು ಬಲಕ್ಕೆ ತಿರುಗಿ, ಜಾಲಿ ಕಂಟಿಯ ಹಿಂದಿನ ಕಾಲುದಾರಿ ಹಿಡಿದಳು. ಅದು ಸೇತುವೆಯ ದಾರಿ.

“ಏ ಬೀರವ್ವಾ, ಅತ್ತಾಗ ಎಲ್ಲಿ ಹೊಂಟಿ? ಕತ್ತಲಾಕ್ಕೇತಿ. ಇಲ್ಲೇ ಅದೇನಿ ಬಾ!”

ಅವಳು ನಿಲ್ಲಲಿಲ್ಲ. ಗಿರಿಯಪ್ಪ ತೆಪ್ಪವನ್ನು ತಿರುಗಿಸಿ, ದಂಡೆಯ ಉದ್ದಕ್ಕೂ ಅವಳ ಪಕ್ಕಪಕ್ಕವೇ ಹುಟ್ಟು ಹಾಕತೊಡಗಿದ. ಕಂಟಿಯ ಸಂದಿನಲ್ಲಿ ಹಸಿರು ಸೀರೆ ಕಾಣುತ್ತಿತ್ತು, ಮರೆಯಾಗುತ್ತಿತ್ತು. ಅವನು ಕರೆದ. ಬೈದ. ಆಮೇಲೆ ಬರೀ ಹುಟ್ಟು ಹಾಕಿದ. ಮೇಲಕ್ಕೆ ಹೋದಂತೆ ಹೊಳೆ ತೆಳ್ಳಗಾಗಿ ಕಲ್ಲು ತಲೆ ಎತ್ತಿದವು. ತೆಪ್ಪದ ತಳ ಕರಕರ ಉಜ್ಜಿ ನಿಂತುಬಿಟ್ಟಿತು.

ಗಿರಿಯಪ್ಪ ಹುಟ್ಟನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು ಕುಳಿತ. ಕಂಟಿ ಮುಗಿದ ಬಯಲಿನಲ್ಲಿ ಬೀರವ್ವ ಬುಟ್ಟಿಯನ್ನು ತಲೆಯಿಂದ ಇಳಿಸಿ ಸೊಂಟಕ್ಕೆ ಇಟ್ಟುಕೊಂಡಳು. ದೂರದ ಸೇತುವೆಯ ಮೇಲೆ ಗಾಡಿಗಳು ದೀಪ ಹಚ್ಚಿಕೊಂಡು ಹೋಗುತ್ತಿದ್ದವು. ಅವಳು ಆ ಕಡೆಗೆ ನಡೆದಳು.