ಹದಿನಾಲ್ಕು ‘ಬಹುಶಃ’

ವೀಕ್ಷಣಾಲಯದಲ್ಲಿ ಆಕೆಯನ್ನು ಎಲ್ಲರೂ ‘ಬಹುಶಃ ಮೇಡಂ’ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ದೂರದ ನಕ್ಷತ್ರಗಳ ಬೆಳಕು ಅಳೆಯುತ್ತಾ ಬಂದ ಹೆಂಗಸು. ಹೊರಗೆ ಧೋ ಎಂದು ಸುರಿಯುತ್ತಿದ್ದರೂ ಕಿಟಕಿಯಿಂದ ಕೈ ಚಾಚಿ ನೋಡದೆ ಮಳೆ ಅನ್ನುತ್ತಿರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವ ಸ್ವಭಾವ ಎಂದು ನಿರ್ದೇಶಕರು ಗೊಣಗುತ್ತಿದ್ದರು.

ಅಂಥವಳ ಕಣ್ಣಿಗೇ ಒಂದು ಗ್ರಹ ಬಿತ್ತು. ಕೆಂಪು ನಕ್ಷತ್ರವೊಂದರ ಬೆಳಕು ಹನ್ನೊಂದು ದಿನಕ್ಕೊಮ್ಮೆ ತುಸು ಮಂಕಾಗುತ್ತಿತ್ತು; ಏನೋ ಅದರ ಮುಂದೆ ಹಾದುಹೋಗುತ್ತಿತ್ತು. ಆ ಹೊತ್ತಿನಲ್ಲಿ ಗ್ರಹದ ಅಂಚಿನಿಂದ ಸೋಸಿ ಬಂದ ಬೆಳಕಿನಲ್ಲಿ ನೀರಾವಿಯ ಗುರುತೂ ಕಂಡಿತು. ಆಕೆ ಎರಡು ಪುಟದ ವರದಿ ಬರೆದಳು. ಅದರಲ್ಲಿ ಹದಿನಾಲ್ಕು ‘ಬಹುಶಃ’ಗಳಿದ್ದವು.

ವರದಿ ಪ್ರಚಾರಾಧಿಕಾರಿಯ ಮೇಜಿಗೆ ಹೋಯಿತು. ಮುಂದಿನ ಸೋಮವಾರ ವಿಜ್ಞಾನ ಸಚಿವರು ಬರುವವರಿದ್ದರು. ಅವರಿಗೆ ತೋರಿಸಲು ಹೊಸದಾಗಿ ಬಣ್ಣ ಬಳಿದ ಗೇಟು ಬಿಟ್ಟರೆ ಬೇರೇನೂ ಇರಲಿಲ್ಲ. ಪ್ರಚಾರಾಧಿಕಾರಿ ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟು ಶ್ರದ್ಧೆಯಿಂದ ಹದಿನಾಲ್ಕನ್ನೂ ಆರಿಸಿ ತೆಗೆದ. ‘ನೀರಾವಿ’ಯನ್ನು ‘ನೀರು’ ಮಾಡಿದ. ಅದೂ ಸಪ್ಪೆ ಎನಿಸಿ ‘ಸಾಗರ’ ಮಾಡಿದ. ಮರುದಿನ ಪತ್ರಿಕೆಗಳು ಆ ಸಾಗರಕ್ಕೆ ಮೀನು ಬಿಟ್ಟವು.

ಆಕೆ ಸಂಜೆ ಮನೆಗೆ ಬಂದರೆ ಅತ್ತೆ ಪತ್ರಿಕೆ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದರು.

“ಅಲ್ಲಮ್ಮಾ, ಮೀನು ಕಂಡುಹಿಡಿದಿದ್ದೀಯ, ಮನೇಲಿ ಒಂದು ಮಾತು ಹೇಳಬಾರದಿತ್ತಾ? ಪಕ್ಕದ ಮನೆಯವಳು ಬಂದು ಕೇಳಿದಳು, ನಾನು ಪೆದ್ದಿ ಥರ ನಿಂತಿದ್ದೆ.”

“ಮೀನಿಲ್ಲ ಅತ್ತೆ. ಬಹುಶಃ ಒಂಚೂರು ಆವಿ.”

“ಆವಿ ನಮ್ಮ ಕುಕ್ಕರಿನಲ್ಲೂ ಬರುತ್ತೆ. ಅದಕ್ಕೆ ಇಪ್ಪತ್ತೆರಡು ವರ್ಷ ಬೇಕಿತ್ತಾ?”

ಆ ಮಾತು ಮುಳ್ಳಿನಂತೆ ನೆಟ್ಟಿತು. ಆವಿ ನಮ್ಮಲ್ಲೂ ಇದೆ, ನಿಜ. ನಮ್ಮ ಗಾಳಿಯ ಆವಿಯನ್ನು ಕಳೆದ ಮೇಲೆ ಉಳಿದದ್ದಷ್ಟೇ ಗ್ರಹದ್ದು. ಕಳೆದಿದ್ದಳು, ಆದರೆ ಸರಿಯಾಗಿ ಕಳೆದಿದ್ದಳೇ? ಬೆಳಗ್ಗೆ ಕಚೇರಿಗೆ ಹೋದವಳೇ ಗಾಳಿಯ ತೇವ ಅಳೆಯುವ ಯಂತ್ರದ ದಾಖಲೆ ತೆಗೆದಳು. ಆರು ವಾರದಿಂದ ಒಂದೇ ಅಂಕಿ, ನಲವತ್ತೊಂದು. ಮಂಜಿಗೂ ನಲವತ್ತೊಂದು, ಬಿಸಿಲಿಗೂ ನಲವತ್ತೊಂದು. ಏಣಿ ಹತ್ತಿ ತಾರಸಿಗೆ ಹೋಗಿ ನೋಡಿದರೆ ಯಂತ್ರದ ಬಾಯಿಗೆ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು. ಗೂಡನ್ನು ಮೆಲ್ಲಗೆ ಕೆರೆದು ಊಟದ ಡಬ್ಬಿಗೆ ಹಾಕಿಕೊಂಡಳು. ಹತ್ತಿರದ ವಿಮಾನ ನಿಲ್ದಾಣದ ಹವಾಮಾನ ದಾಖಲೆ ತರಿಸಿ ಹೊಸದಾಗಿ ಲೆಕ್ಕ ಹಾಕಿದಳು. ಗ್ರಹ ಉಳಿಯಿತು, ಸಾಗರ ಮೀನಿನ ಸಮೇತ ಬತ್ತಿಹೋಯಿತು.

“ಸರ್, ಆ ನೀರು ನಮ್ಮದೇ,” ಎಂದಳು ನಿರ್ದೇಶಕರ ಎದುರು ನಿಂತು.

“ಖಂಡಿತಾನಾ?”

“ಬಹುಶಃ.” ಬಾಯಿ ಅಭ್ಯಾಸ ಬಿಡಲಿಲ್ಲ.

ನಿರ್ದೇಶಕರ ಮುಖ ಅರಳಿತು. “ನೋಡಿ, ನಿಮಗೇ ಅನುಮಾನ! ಒಂದು ಅನುಮಾನಕ್ಕೆ ಸಚಿವರ ಕಾರ್ಯಕ್ರಮ ನಿಲ್ಲಿಸೋಕಾಗುತ್ತಾ? ಸ್ವಾಗತ ಸಮಿತಿ ಆಗಿದೆ, ಗ್ರಹಕ್ಕೆ ಹೆಸರಿಡೋ ಸಮಿತಿ ಆಗಿದೆ, ಅಲ್ಲಿಯವರ ಹತ್ತಿರ ಯಾವ ಭಾಷೇಲಿ ಮಾತಾಡಬೇಕು ಅನ್ನೋದಕ್ಕೆ ಉಪಸಮಿತಿನೂ ಆಗಿದೆ. ಸೋಮವಾರ ಸುಮ್ಮನೆ ನಗ್ತಾ ನಿಂತಿರಿ ಮೇಡಂ.”

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಆಕೆ ಬೇಕಾದಷ್ಟು ಕಂಡಿದ್ದಳು. ಕೂಸೇ ಇಲ್ಲವೆಂದು ಗೊತ್ತಾದ ಮೇಲೂ ದರ್ಜಿಯನ್ನು ಬಿಡದವರನ್ನು ಕಂಡದ್ದು ಇದೇ ಮೊದಲು.

ಸೋಮವಾರ ಸಭಾಂಗಣ ತುಂಬಿ ತುಳುಕುತ್ತಿತ್ತು. “ಎಲ್ಲಿ ತಾಯಿ, ಆ ಜೀವದ ವಿಷಯ ಹೇಳಿ,” ಎಂದರು ಸಚಿವರು. ನಿರ್ದೇಶಕರು ಕಣ್ಸನ್ನೆ ಮಾಡಿದರು. ಆಕೆ ಮೈಕು ಹಿಡಿದು ಕಡ್ಡಿ ಮುರಿದಂತೆ ಹೇಳಿಬಿಟ್ಟಳು:

“ಗ್ರಹ ಇದೆ. ನೀರು ಕಂಡಿಲ್ಲ. ಜೀವ ಸಿಕ್ಕಿದ್ದು ನಮ್ಮ ತಾರಸಿ ಮೇಲೆ.”

ಕೈಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಒಡೆದ ಗೂಡಿನೊಳಗೆ ಬಿಳಿ ಮರಿಹುಳುವೊಂದು ಮೈ ಹೊರಳಿಸಿತು.

ಸಭೆ ಎದ್ದು ನಿಂತು ಕತ್ತು ಚಾಚಿ ನೋಡಿತು. ಆಮೇಲೆ ಕಿವಿಗಡಚಿಕ್ಕುವ ಚಪ್ಪಾಳೆ! ಸಚಿವರು ಡಬ್ಬಿ ಎತ್ತಿಹಿಡಿದು ಫೋಟೋ ತೆಗೆಸಿಕೊಂಡರು. “ಅದು ಕಣಜ, ಕಣಜ,” ಎಂದು ಆಕೆ ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ. ಮರುದಿನದ ಮುಖಪುಟ: ‘ಬಂದೇ ಬಿಟ್ಟ ಅನ್ಯಗ್ರಹದ ಅತಿಥಿ!’

ಕೀಟತಜ್ಞರೊಬ್ಬರು ನಕ್ಕು ಪತ್ರ ಬರೆದ ಮೇಲೆ ಎಲ್ಲರಿಗೂ ನಶೆ ಇಳಿಯಿತು. ನಿರ್ದೇಶಕರು ತಪ್ಪನ್ನೆಲ್ಲ ಆಕೆಯ ತಲೆಗೆ ಕಟ್ಟಿ ಕೈ ತೊಳೆದುಕೊಂಡರು. ಯಂತ್ರಗಳ ಸ್ವಚ್ಛತಾ ಸಮಿತಿ ಮಾಡಿ ಆಕೆಯನ್ನೇ ಅದರ ಏಕೈಕ ಸದಸ್ಯೆಯನ್ನಾಗಿಸಿದರು. ಆಕೆ ಕುಂಚ ಹಿಡಿದು ಯಂತ್ರಗಳ ಧೂಳು ಒರೆಸಿದಳು, ಬಿಡುವಿನಲ್ಲಿ ತಿದ್ದುಪಡಿಯ ಲೇಖನ ಬರೆದು ಕಳಿಸಿದಳು. ಅವಮಾನವಾಗಿತ್ತು, ಸುಳ್ಳೇಕೆ? ಆದರೆ ಕಣ್ಣಿಗೆ ನಿದ್ದೆಯೂ ಬರುತ್ತಿತ್ತು.

ಐದು ತಿಂಗಳ ನಂತರ ಬೇರೊಂದು ದೇಶದ ವೀಕ್ಷಣಾಲಯದಿಂದ ಪತ್ರ ಬಂತು. ಲೇಖನದಲ್ಲಿ ಆಕೆ ಹೇಳಿದ ದಿನ, ಹೇಳಿದ ನಿಮಿಷಕ್ಕೆ ಗ್ರಹ ನಕ್ಷತ್ರದ ಮುಂದೆ ಹಾದುಹೋಗಿತ್ತು. ಗಾಳಿಯಿಲ್ಲ, ನೀರಿಲ್ಲ, ಒಣಬಂಡೆ. ಪತ್ರವನ್ನು ಮೂರು ಸಲ ಓದಿಕೊಂಡು ಓಡುತ್ತಾ ಮನೆಗೆ ಬಂದಳು.

“ಬರೀ ಕಲ್ಲಾ?” ಎಂದರು ಅತ್ತೆ.

“ಬರೀ ಕಲ್ಲು ಅತ್ತೆ. ಆದರೆ ಹೇಳಿದ ಹೊತ್ತಿಗೆ ಸರಿಯಾಗಿ ಬಂತು!”

“ಹಾಗಾದರೆ ನನ್ನ ಮಗನಿಗಿಂತ ವಾಸಿ,” ಎನ್ನುತ್ತಾ ಅತ್ತೆ ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ಸುದ್ದಿ ಮುಟ್ಟಿಸಲು ಹೊರಟೇಬಿಟ್ಟರು.