ನೀರೊಳಗಿನ ಮೆಟ್ಟಿಲುಗಲ್ಲು

ಆರ್ವಿಲ್ ಮುದುಕನ ಹಠ ಅಂದರೆ ಹಠ. ಸಕ್ಕರೆ ಕಾಯಿಲೆಗೆ ಕೈಕಾಲಿನ ಬೆರಳುಗಳೆಲ್ಲ ಮರಗಟ್ಟಿದ್ದರೂ ದೋಣಿಯ ಕೀಲಿಕೈ ಮಾತ್ರ ಮಗಳು ನೆಟ್ಟಿಗೆ ಕೊಡಲೊಲ್ಲ. ಒಬ್ಬನೇ ಹೋಗಿ ಕಾಲು ಜಾರಿದರೆ ಗತಿಯೇನು ಎಂದು ಅವಳಿಗೆ ಜೀವ ಹೊಡೆದುಕೊಳ್ಳುತ್ತಿತ್ತು. ಕೊನೆಗೆ ಅವನೇ ಪಂಥ ಕಟ್ಟಿದ.

“ದಿಣ್ಣೆ ಹತ್ರ ಕರ್ಕೊಂಡು ಹೋಗು. ನೀರಿನ ತಳದಲ್ಲಿ ಏನೇನಿದೆ ಅಂತ ಗಾಳದ ದಾರ ಹಿಡಿದೇ ಹೇಳ್ತೀನಿ. ತಪ್ಪಿದ್ರೆ ಕೀಲಿಕೈ ನಿಂದು. ಇಲ್ಲಾಂದ್ರೆ ಬಾಯಿ ಮುಚ್ಕೊಂಡಿರ್ಬೇಕು, ತಿಳೀತಾ?”

“ಆಯ್ತಪ್ಪಾ, ಆಯ್ತು.”

ಹಿನ್ನೀರಿಗೆ ಚಾಚಿಕೊಂಡ ಆ ದಿಣ್ಣೆ ಒಂದು ಕಾಲಕ್ಕೆ ಅವರದೇ ಜೋಳದ ಹೊಲ. ಅಣೆಕಟ್ಟೆ ಕಟ್ಟಿದಾಗ ಆರ್ವಿಲ್‌ಗೆ ಒಂಬತ್ತು ವರ್ಷ. ಮನೆ ಕಿತ್ತರು, ಬಾಗಿಲ ಮೆಟ್ಟಿಲುಗಲ್ಲು ಮಾತ್ರ ಅಲ್ಲೇ ನೀರಡಿ ಉಳಿಯಿತು. ಎಲೆ ಉದುರುವ ಕಾಲದಲ್ಲಿ ಬಾಸ್ ಮೀನುಗಳು ಆಳದ ಹಳ್ಳದಿಂದ ದಿಣ್ಣೆ ಏರಿ ಬಂದು, ಆ ಕಲ್ಲಿನ ಮರೆಯಲ್ಲಿ ಸಣ್ಣ ಮೀನಿಗೆ ಹೊಂಚು ಹಾಕುತ್ತವೆ. ಊರಲ್ಲಿ ಬೇರಾರಿಗೂ ಇದು ಗೊತ್ತಿಲ್ಲ.

ಮಂಜು ಕರಗುವ ಹೊತ್ತಿಗೆ ಆರ್ವಿಲ್ ದೋಣಿಯಲ್ಲಿ ಕೂತು ಗಾಳ ಎಸೆದ. ಸೀಸದ ಗುಂಡು ತಳ ಸೇರಿತು. ಎಂದಿನಂತೆ ಕಣ್ಣು ಮುಚ್ಚಿ, ದಾರವನ್ನು ಬೆರಳ ಮೇಲೆ ಹಾಯಿಸಿ ಮೆಲ್ಲಗೆ ಎಳೆಯತೊಡಗಿದ.

“ಜಲ್ಲಿ... ಈಗ ಬೇಲಿಕಂಬ...”

ದಾರ ಕಂಬಕ್ಕೆ ಸಿಕ್ಕಿ, ಬಿಗಿದು, ಪಟ್ಟನೆ ತುಂಡಾಯಿತು. ನೀರಿನ ಮೇಲೆ ಸುರುಳಿಯಾಗಿ ತೇಲಿದ್ದನ್ನು ನೆಟ್ಟಿ ಕಣ್ಣಾರೆ ಕಂಡಳು. ಆರ್ವಿಲ್ ಮಾತ್ರ ಕಣ್ಣು ಮುಚ್ಚಿಯೇ ಎಳೆಯುತ್ತಿದ್ದ.

“ಕೆಸರು. ಅಮ್ಮನ ಸೇಬಿನ ಮರದ ಬೊಡ್ಡೆ. ಹಾಂ, ಬಂತು ನೋಡು, ಮೆಟ್ಟಿಲುಗಲ್ಲು!”

ದೇವರೇ! ಪಂಥ ಗೆದ್ದರೆ ಇಷ್ಟು ಸಂಕಟವಾಗುತ್ತದೆಂದು ಅವಳು ಅಂದುಕೊಂಡಿರಲಿಲ್ಲ.

“ಹೌದಪ್ಪಾ, ಎಲ್ಲಾ ಸರಿ” ಎಂದಳು.

ಅವನು ಬೀಗುತ್ತ ದಾರ ಸುತ್ತಿದ. ಬರಿಯ ತುದಿ ಮೇಲೆ ಬಂತು. ಅದನ್ನೇ ದಿಟ್ಟಿಸಿ ನೋಡಿದ.

“ಎಲ್ಲಿ ಕಡೀತು?”

“ಬೇಲಿ ಹತ್ರ.”

“ಮತ್ತೆ ಸರಿ ಅಂದ್ಯಲ್ಲೇ, ಸುಳ್ಳುಬುರುಕಿ!” ಬೈಯುತ್ತಲೇ ಅವನ ಕಣ್ಣು ತುಂಬಿಬಂತು. ಜೇಬು ತಡಕಿ ಕೀಲಿಕೈ ತೆಗೆದು ಅವಳ ಮಡಿಲಿಗೆ ಹಾಕಿದ. “ಬೇರೆ ಗುಂಡು, ಗಾಳ ಕಟ್ಟು. ನೀನು ಎಸಿ. ಏನು ತಗಲುತ್ತೋ ಹೇಳ್ತಾ ಹೋಗು.”

ಜಲ್ಲಿ ತಗಲಿತು. ಕಂಬ, ಕೆಸರು, ಬೊಡ್ಡೆ. ಅವನು ಹೇಳಿದ ಸಾಲಿನಲ್ಲೇ, ಒಂದೂ ಆಚೀಚೆ ಇಲ್ಲ. ಆಮೇಲೆ ಟಕ್ಕೆಂದಿತು.

“ಕಲ್ಲು, ಅಪ್ಪಾ.”

“ಎಳೀಬೇಡ. ನಮ್ಮನೆ ಬಾಗಿಲಲ್ಲಿದ್ದೀಯ. ಸ್ವಲ್ಪ ನಿಲ್ಲು.”

ನಿಂತಳು. ದಾರ ಎರಡು ಸಲ ಅದುರಿತು. ಎಳೆದು ಮೇಲೆತ್ತಿದರೆ ಎರಡು ಸೇರು ತೂಗುವ ಬಾಸ್!

ಆರ್ವಿಲ್ ಅದನ್ನು ಎರಡೂ ಕೈಯಲ್ಲಿ ಹಿಡಿದ. ಬೆರಳಿಗೆ ಏನೂ ತಿಳಿಯಲಿಲ್ಲ. ಆಗ ಎತ್ತಿ ಕೆನ್ನೆಗೆ ಒತ್ತಿಕೊಂಡ.

“ತಣ್ಣಗಿದೆ ಕಣೇ” ಎಂದ. ಆಮೇಲೆ ಬಗ್ಗಿ ಅದನ್ನು ನೀರಿಗೆ ಬಿಟ್ಟ.