ಎಂಟನೆಯ ಎಳೆ

ವೇಫಲ್ ಸೀಯುತ್ತಿದೆ, ಯಾರೋ ಕಾವಲಿ ಮರೆತು ಹರಟೆಗೆ ನಿಂತಿದ್ದಾರೆ, ಇರಲಿ, ಕಂದು ಚೀಸ್ ಹಚ್ಚಿದರೆ ಸೀದದ್ದು ಗೊತ್ತಾಗುವುದಿಲ್ಲ — ಪರದೆಯ ಮೇಲೆ ಏಳು ಚುಕ್ಕಿ ಹಸಿರು, ಎಂಟನೆಯದು ಇನ್ನೂ ಹಳದಿ, ಈ ಸ್ಕೀ ಓಟದ ಒಂದೊಂದು ವಯಸ್ಸಿನ ಗುಂಪಿಗೆ ನನ್ನ ಪ್ರೋಗ್ರಾಂನಲ್ಲಿ ಒಂದೊಂದು ಎಳೆ, ಅಂದರೆ ಥ್ರೆಡ್, ತನ್ನಷ್ಟಕ್ಕೆ ನಡೆಯುವ ಕೆಲಸ, ತನ್ನವರೆಲ್ಲ ಗೆರೆ ದಾಟುವವರೆಗೆ ಅದು ಓಡುತ್ತಲೇ ಇರುತ್ತದೆ, ಎಂಟನೆಯದರಲ್ಲಿ ಎಪ್ಪತ್ತೈದು ದಾಟಿದವರು, ಅಂದರೆ ಒಬ್ಬನೇ, ಅಂದರೆ ನನ್ನಪ್ಪ ಹಾಲ್ವರ್, ತಲೆಯ ಮೇಲೆ ಅಮ್ಮ ಹೆಣೆದ ಟೋಪಿ, ಟೋಪಿಯ ತುದಿಯಲ್ಲಿ ಕೆಂಪು ಉಣ್ಣೆಯ ಚೆಂಡು, ಬೆಳಿಗ್ಗೆ ಬರ್ಚ್ ಮರಗಳ ನಡುವೆ ಕೊನೆಗೆ ಕಂಡದ್ದೂ ಅದೇ. ಹೋದ ವರ್ಷ ನಾನು ಮಾಡಿದ ಪೆದ್ದುತನ, ಎಲ್ಲರೂ ಮುಗಿಸುವ ತನಕ ಕಾಯು ಎನ್ನುವ ಒಂದೇ ಒಂದು ಸಾಲು ಬರೆಯಲು ಮರೆತೆ, ಗಂಟೆ ಎರಡಾದದ್ದೇ ಎಲ್ಲ ಎಳೆಗಳನ್ನೂ ಕೂಡಿಸುವ ಮುಖ್ಯ ಎಳೆ ತನ್ನ ಪಾಡಿಗೆ ಫಲಿತಾಂಶದ ಪಟ್ಟಿ ಅಚ್ಚುಹಾಕಿ ಅಂಗಡಿ ಮುಚ್ಚಿತು, ಇನ್ನೂ ಓಡುತ್ತಿದ್ದ ಎಂಟನೆಯದು ಅಲ್ಲೇ ಸತ್ತುಹೋಯಿತು, ಅಪ್ಪ ಬಂದು ನೋಡಿದರೆ ಪಟ್ಟಿಯಲ್ಲಿ ಅಪ್ಪನೇ ಇಲ್ಲ, ಪೆನ್ನಿನಲ್ಲಿ ಬರೆದುಕೊಟ್ಟದ್ದನ್ನು ಅವನು ಗೋಡೆಗೆ ಏರಿಸಲಿಲ್ಲ, ಸೌದೆ ಕೊಟ್ಟಿಗೆಯಲ್ಲಿ ನಲವತ್ತೊಂದು ಚಳಿಗಾಲದ ಪಟ್ಟಿಗಳು, ಆಮೇಲೆ ಬರೀ ಮೊಳೆ — ಹೋಗ್ಲಿ ಬಿಡು ಸಿಗ್ರಿ, ನಾನು ಬಂದದ್ದು ನನ್ನ ಮಂಡಿಗೆ ಗೊತ್ತು, ಎಂದು ನಕ್ಕ, ಅತ್ತದ್ದು ನಾನು. ಈ ಸಲವೇ ಕೊನೆ ಎಂದಿದ್ದಾನೆ.

ಸಂಘದ ಅಧ್ಯಕ್ಷ ಗುಡ್‌ಬ್ರಾಂಡ್ ಮೈಕ್ ಹಿಡಿದುಕೊಂಡೇ ಬಗ್ಗಿದ್ದಾನೆ, ಏನಮ್ಮಾ, ನಿನ್ನ ಪೆಟ್ಟಿಗೆ ನಿದ್ದೆ ಹೋಯ್ತಾ, ಮೂರಕ್ಕೆ ಬಸ್ಸು, ಪಟ್ಟಿ ಕೊಡು, ನಿಮ್ಮಪ್ಪನ ಹೆಸರು ಪೆನ್ನಲ್ಲಿ ಸೇರಿಸಿದರಾಯ್ತು — ಪೆನ್ನಲ್ಲಿ ಆಗಲ್ಲ, ಅವನು ಬರೋ ತನಕ ಇದು ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ, ಹಾಗೇ ಬರೆದಿದ್ದೀನಿ, ನನ್ನ ಮಾತು ಮೈಕಿನಲ್ಲಿ ಬಯಲೆಲ್ಲ ಕೇಳಿಸಿಬಿಟ್ಟಿತು, ನಾಚಿಕೆ, ತನ್ನ ಗುಂಪಿನ ಓಟವನ್ನು ಒಂದು ಗಂಟೆ ಮೊದಲೇ ಗೆದ್ದು ಕೂತಿರುವ ಥೋರಾ ಬಾಯಿ ತುಂಬ ವೇಫಲ್ ಇಟ್ಟುಕೊಂಡೇ, ನಮಗೇನೂ ಅವಸರ ಇಲ್ಲ, ಹಾಲ್ವರ್ ಬರಲಿ, ಎಂದಳು, ಬಸ್ಸಿನವನು ಇಂಜಿನ್ ಆರಿಸಿ ಕಾಫಿಗೆ ಇಳಿದ, ಗುಡ್‌ಬ್ರಾಂಡ್ ತಲೆ ಕೆರೆದುಕೊಂಡು, ಸರಿ, ಇನ್ನೊಂದಿಷ್ಟು ಹಿಟ್ಟು ಕಲಸ್ರಪ್ಪ, ಎಂದ, ಈಗ ಇಡೀ ಊರೇ ಮುಖ್ಯ ಎಳೆ, ಕೈಕಟ್ಟಿ ಕಾಯುತ್ತಿದೆ, ಇಷ್ಟು ಖುಷಿಯಾಗಿ ನಾನು ಎಂದೂ ಯಾವುದಕ್ಕೂ ಕಾದಿಲ್ಲ, ಹಳದಿ, ಇನ್ನೂ ಹಳದಿ, ಎಲ್ಲಾದರೂ ಬಿದ್ದಿದ್ದರೆ, ಇಲ್ಲ, ಕೊನೆಯ ಇಳಿಜಾರಿನ ಮೇಲೆ ಕೂತು ಕಿತ್ತಳೆ ಸುಲಿಯುತ್ತಿರುತ್ತಾನೆ, ಪ್ರತಿ ವರ್ಷದ ಚಾಳಿ, ಸಿಪ್ಪೆ ಜೇಬಿಗೆ, ತೊಳೆ ಬಾಯಿಗೆ — ಥೋರಾ ಅಗಿಯುವುದನ್ನು ನಿಲ್ಲಿಸಿದಳು, ಅಲ್ಲಿ, ಬರ್ಚ್‌ಗಳ ನಡುವೆ, ಕೆಂಪಗೆ ಏನೋ, ಮೇಲೆ, ಕೆಳಗೆ, ಮತ್ತೆ ಮೇಲೆ, ಎಲ್ಲರೂ ಎದ್ದಿದ್ದಾರೆ, ನಾನೂ ಓಡುತ್ತಿದ್ದೇನೆ, ಬೂಟಿನೊಳಗೆಲ್ಲ ಹಿಮ, ಅಪ್ಪನ ಸ್ಕೀ ಗೆರೆ ದಾಟಿದ್ದೇ ಬೆನ್ನ ಹಿಂದೆ ಪ್ರಿಂಟರ್ ಯಾರೂ ಮುಟ್ಟದೆ ಗರಗರ ಶುರುವಾಯಿತು, ತಿರುಗಿ ಚುಕ್ಕಿ ಹಸಿರಾಯಿತೇ ಎಂದು ನೋಡಬೇಕು, ನೋಡುವುದಿಲ್ಲ, ಕಿತ್ತಳೆಯ ವಾಸನೆ, ಗಲ್ಲಕ್ಕೆ ತಣ್ಣಗೆ ಒತ್ತಿದ ಕೆಂಪು ಉಣ್ಣೆಯ ಚೆಂಡು, ಕೆಂಪು ಉಣ್ಣೆಯ ಚೆಂಡು